ಕಾಸರಗೋಡಿನಿಂದ ಹೋಂ ಮ್ಯಾಚಿಗೆ: ತಂಡ ಗೆಲ್ಲುತ್ತಿರುವ ಸೀಸನ್‌ನಲ್ಲಿ ಗ್ಯಾಲರಿ ಸೇರುವುದು ಹೇಗೆ?

ಕೇರಳದ ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಆದ ಸೂಪರ್ ಲೀಗ್ ಕೇರಳ ಶುರುವಾದಲ್ಲಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಾ ಉಂಟು. 'ನಾವು ಬದಿಯಡ್ಕದವರು, ಸ್ಟೇಡಿಯಂಗೆ ಹೋಗಿ ಮ್ಯಾಚ್ ನೋಡಬೇಕು, ಹೇಗೆ ಹೋಗುವುದು?' 'ಮಕ್ಕಳನ್ನು ಕರ್ಕೊಂಡು ಹೋಗಬಹುದಾ?' 'ಟಿಕೆಟ್ ಸಿಗ್ತದಾ?' 'ರಾತ್ರಿ ವಾಪಸ್ ಬರಲಿಕ್ಕೆ ಏನಾದರೂ ಉಂಟಾ?' ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದು ಮಂಜೇಶ್ವರದಿಂದ ಹಿಡಿದು ತೃಕ್ಕರಿಪುರದವರೆಗಿನ ಎಲ್ಲರಿಗೂ. ಮೊದಲ ಸಲ ಹೋಗುವವರಿಗೆ ಇನ್ನೂ ಜಾಸ್ತಿ ಉಪಯೋಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಂಡ ಸೋಲುತ್ತಿರುವ ಸೀಸನ್‌ನಲ್ಲಿ ಹೇಗೆ ಹೋದರೂ ನಡೆಯುತ್ತದೆ. ಆರೂವರೆಗೆ ಹೋಗಿ ಕೌಂಟರಿನಲ್ಲಿ ಟಿಕೆಟ್ ತಗೊಂಡು, ಬೇಕಾದಲ್ಲಿ ಕೂತು ನೋಡಬಹುದು. ತಂಡ ಗೆಲ್ಲುತ್ತಾ ಹೋದರೆ ಲೆಕ್ಕವೇ ಬೇರೆ. ಟಿಕೆಟ್, ಗೇಟ್, ಸೀಟು, ರೈಲು, ಎಲ್ಲವನ್ನೂ ಬೇಗ ನೋಡಿಕೊಳ್ಳಬೇಕು. ಅದರಲ್ಲೂ ನಮ್ಮ ಜಿಲ್ಲೆಯವರು ಟಿಕೆಟಿಗಿಂತ ಮೊದಲು ವಾಪಸ್ ಬರುವ ದಾರಿಯನ್ನು ಹುಡುಕಬೇಕು. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

1. ಯಾವ ಮೈದಾನ ಎಂದು ತೀರ್ಮಾನ ಮಾಡಿ

ಹೋಂ ಮ್ಯಾಚ್ ಅಂದರೆ ತಂಡ ತನ್ನ ಊರಿನ ಮೈದಾನದಲ್ಲಿ ಆಡುವ ಪಂದ್ಯ. ಎದುರಾಳಿಯ ಊರಿಗೆ ಹೋಗಿ ಆಡುವುದು ಅವೇ ಮ್ಯಾಚ್. ಕಾಸರಗೋಡಿನವರಿಗೆ ಹೋಗಿಬರಲು ಸಾಧ್ಯ ಇರುವ ಹೋಂ ಮೈದಾನಗಳು ಮುಖ್ಯವಾಗಿ ಮೂರು.

ಹತ್ತಿರದ್ದು ಕಣ್ಣೂರಿನ ಜವಾಹರ್ ಸ್ಟೇಡಿಯಂ. ರೈಲಿನಲ್ಲಿ ಸುಮಾರು 85 ಕಿಲೋಮೀಟರ್. ಕಣ್ಣೂರು ವಾರಿಯರ್ಸ್ ತಂಡ 2024ರ ಮೊದಲ ಸೀಸನ್‌ನಲ್ಲಿ ಹೋಂ ಪಂದ್ಯಗಳನ್ನು ಕಲ್ಲಿಕೋಟೆಯಲ್ಲಿ ಆಡಿತ್ತು. 2025ರಲ್ಲಿ ಸ್ವಂತ ಊರಿಗೆ ಬಂತು. ಸ್ಟೇಡಿಯಂ ಪೇಟೆಯ ನಡುವೆಯೇ ಇದೆ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು.

ಎರಡನೆಯದು ಕಲ್ಲಿಕೋಟೆಯ ಇಎಂಎಸ್ ಸ್ಟೇಡಿಯಂ, ಸುಮಾರು 175 ಕಿಲೋಮೀಟರ್. ಕ್ಯಾಲಿಕಟ್ ಎಫ್‌ಸಿ ಮತ್ತು ಗೋಕುಲಂ ಕೇರಳ ಎರಡೂ ತಂಡಗಳ ಮನೆ ಇದು. ಗೋಕುಲಂ 2020-21 ಮತ್ತು 2021-22ರಲ್ಲಿ ಸತತವಾಗಿ ಎರಡು ಸಲ ದೇಶಮಟ್ಟದ ಐ-ಲೀಗ್ ಗೆದ್ದಿತು. ಆದರೆ ಕೊರೊನಾ ಕಾರಣದಿಂದ ಆ ಎರಡೂ ಸೀಸನ್‌ಗಳ ಪಂದ್ಯಗಳು ಬಂಗಾಳದಲ್ಲಿ ನಡೆದವು. ಇಲ್ಲಿನ ಅಭಿಮಾನಿಗಳು ಕಪ್ ಎತ್ತಿದ್ದನ್ನು ಮೊಬೈಲಿನಲ್ಲಿ ನೋಡಬೇಕಾಯಿತು. ಹಾಗಾಗಿಯೇ 2024ರ ನವೆಂಬರ್ 10ರಂದು ಕ್ಯಾಲಿಕಟ್ ಎಫ್‌ಸಿ ಇದೇ ಮೈದಾನದಲ್ಲಿ ಫೋರ್ಕಾ ಕೊಚ್ಚಿಯನ್ನು 2-1ರಲ್ಲಿ ಸೋಲಿಸಿ ಮೊದಲ ಸೂಪರ್ ಲೀಗ್ ಕಪ್ ಗೆದ್ದಾಗ ಗ್ಯಾಲರಿ ತುಂಬಿ ತುಳುಕಿತ್ತು. ಎಷ್ಟೋ ವರ್ಷದಿಂದ ಕಾದಿದ್ದ ಸಂತೋಷ ಅದು.

ಮೂರನೆಯದು ಕೊಚ್ಚಿ ಕಲೂರಿನ ಜವಾಹರಲಾಲ್ ನೆಹರೂ ಸ್ಟೇಡಿಯಂ, ಕೇರಳ ಬ್ಲಾಸ್ಟರ್ಸ್‌ನ ಹಳದಿ ಕೋಟೆ. ದೂರ 350 ಕಿಲೋಮೀಟರಿಗೂ ಜಾಸ್ತಿ. ಹೋಗಿಬರಲು ಎರಡು ದಿನ ಇಟ್ಟುಕೊಳ್ಳಿ. ನಮ್ಮ ತೃಕ್ಕರಿಪುರದ ಮೊಹಮ್ಮದ್ ರಾಫಿ 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದದ್ದು ಇದೇ ಮೈದಾನದಲ್ಲಿ. ಅಲ್ಲಿ ಕೂತಾಗ ಆ ಗೋಲು ನೆನಪಾಗದ ಕಾಸರಗೋಡಿನವರು ಕಮ್ಮಿ.

ಮೊದಲ ಸಲ ಹೋಗುವವರು ಕಣ್ಣೂರಿನಿಂದ ಶುರು ಮಾಡಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೂ ಅದೇ ಸರಿ. ದೊಡ್ಡ ಗ್ಯಾಲರಿಯ ಅಬ್ಬರ ಬೇಕು ಅಂದರೆ ಕಲ್ಲಿಕೋಟೆ.

ಇಲ್ಲಿ ಆಗುವ ಎಡವಟ್ಟು: ಹಳೆಯ ವೇಳಾಪಟ್ಟಿ ನಂಬಿ ಹೊರಡುವುದು. ಕ್ಲಬ್ಬುಗಳು ಕೆಲವೊಮ್ಮೆ ಮೈದಾನ ಬದಲಿಸುತ್ತವೆ, ದಿನಾಂಕವೂ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಪೋಸ್ಟರ್ ಸಾಕಾಗುವುದಿಲ್ಲ. ಕ್ಲಬ್ಬಿನ ಅಧಿಕೃತ ಪುಟದಲ್ಲಿ ದಿನ, ಸಮಯ, ಮೈದಾನ ಮೂರನ್ನೂ ನೋಡಿಕೊಳ್ಳಿ.

2. ಸೀಸನ್ನಿನ ಲೆಕ್ಕ ತಿಳಿದುಕೊಳ್ಳಿ

ಸೂಪರ್ ಲೀಗ್ ಕೇರಳದಲ್ಲಿ ಆರು ತಂಡಗಳು. ಪ್ರತಿ ತಂಡ ಉಳಿದ ಐದು ತಂಡಗಳ ಜೊತೆ ಎರಡೆರಡು ಸಲ ಆಡುತ್ತದೆ, ಒಮ್ಮೆ ತನ್ನ ಮೈದಾನದಲ್ಲಿ, ಒಮ್ಮೆ ಅವರದ್ದರಲ್ಲಿ. ಅಂದರೆ ಲೀಗ್ ಹಂತದಲ್ಲಿ ನಿಮ್ಮ ತಂಡಕ್ಕೆ ಸಿಗುವುದು ಐದೇ ಹೋಂ ಪಂದ್ಯ. ಪಾಯಿಂಟ್ ಪಟ್ಟಿಯಲ್ಲಿ ಮೇಲಿನ ನಾಲ್ಕು ತಂಡಗಳು ಸೆಮಿಫೈನಲ್‌ಗೆ.

ತಂಡ ಮೇಲೆ ಹೋಗುತ್ತಿದೆ ಎಂದು ಗೊತ್ತಾಗುವಾಗ ಎರಡು-ಮೂರು ಹೋಂ ಪಂದ್ಯಗಳು ಮುಗಿದೇ ಹೋಗಿರುತ್ತವೆ. ಉಳಿದ ಎರಡಕ್ಕೆ ಇಡೀ ಜಿಲ್ಲೆ ಮುಗಿಬೀಳುತ್ತದೆ. ಹಾಗಾಗಿ ಮೊದಲ ಎರಡು ಪಂದ್ಯಗಳಲ್ಲಿ ಒಂದಕ್ಕೆ ಹೋಗಿಬನ್ನಿ. ಗೇಟು, ಸೀಟು, ಟಾಯ್ಲೆಟ್ ಎಲ್ಲ ಪರಿಚಯ ಆಗುತ್ತದೆ. ಆಮೇಲೆ ಜನಸಂದಣಿ ಬಂದಾಗ ನಿಮಗೆ ಗಾಬರಿ ಇರುವುದಿಲ್ಲ.

3. ವಾಪಸ್ ಬರುವ ದಾರಿ ಮೊದಲು, ಟಿಕೆಟ್ ಆಮೇಲೆ

ನಮ್ಮ ಜಿಲ್ಲೆಯವರ ನಿಜವಾದ ಕಷ್ಟ ಇಲ್ಲೇ. ಪಂದ್ಯಗಳು ಹೆಚ್ಚಾಗಿ ಸಂಜೆ 7 ಅಥವಾ 7.30ಕ್ಕೆ ಶುರು. ಲೆಕ್ಕ ಹಾಕಿ: 45 ನಿಮಿಷದ ಮೊದಲಾರ್ಧ, 15 ನಿಮಿಷ ವಿರಾಮ, ಮತ್ತೆ 45 ನಿಮಿಷ. ಅದರ ಮೇಲೆ ಸ್ಟಾಪೇಜ್ ಟೈಮ್. ಗಾಯ, ಬದಲಿ ಆಟಗಾರ ಅಂತ ವ್ಯರ್ಥವಾದ ಸಮಯವನ್ನು ರೆಫರಿ ಕೊನೆಗೆ ಸೇರಿಸುವುದಕ್ಕೆ ಹಾಗೆನ್ನುತ್ತಾರೆ. 7.30ರ ಪಂದ್ಯ ಮುಗಿಯುವಾಗ 9.30. ಗೇಟು ದಾಟಿ ರಸ್ತೆಗೆ ಬರುವಾಗ ಹತ್ತು ಗಂಟೆ ಎಂದೇ ಇಟ್ಟುಕೊಳ್ಳಿ. ಸೆಮಿಫೈನಲ್, ಫೈನಲ್ ಆದರೆ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಶೂಟೌಟ್ ಅಂತ ಇನ್ನೂ ಮುಂದೆ ಹೋಗಬಹುದು. ನಾನು ಹೇಳಿದ 2016ರ ಫೈನಲ್ ಕೂಡ 1-1 ಆಗಿ, ಶೂಟೌಟ್‌ನಲ್ಲಿ 4-3ರಿಂದ ಕೋಲ್ಕತ್ತದ ಪಾಲಾಯಿತು. ಅಂಥ ರಾತ್ರಿ ಗಡಿಯಾರ ನೋಡುತ್ತಾ ಅರ್ಧದಲ್ಲಿ ಎದ್ದು ಬರುವುದು ಯಾರಿಗೂ ಬೇಡ, ಅಲ್ವಾ?

ರೈಲು. ಹೋಗುವಾಗ ತೊಂದರೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣಕ್ಕೆ ಹೋಗುವ ರೈಲುಗಳು ಇವೆ. ತೊಂದರೆ ವಾಪಸ್ ಬರುವಾಗ. ಸಂಜೆಯ ನಂತರ ಕಲ್ಲಿಕೋಟೆಯಿಂದ ಉತ್ತರಕ್ಕೆ ಬರುವ ಕೆಲವು ರೈಲುಗಳು ಕಣ್ಣೂರಿನಲ್ಲೇ ಕೊನೆಯಾಗುತ್ತವೆ. ಆಲಪ್ಪುಳದಿಂದ ಬರುವ ಎಕ್ಸಿಕ್ಯೂಟಿವ್ ಎಕ್ಸ್‌ಪ್ರೆಸ್ ಹಾಗೆಯೇ. 'ರೈಲು ಸಿಕ್ಕಿತು' ಎಂದು ಹತ್ತಿ, ನಡುರಾತ್ರಿ ಕಣ್ಣೂರಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದು ನಿಲ್ಲುವವರು ಪ್ರತಿ ಸೀಸನ್ನಿನಲ್ಲೂ ಇದ್ದಾರೆ. ಇದು ಫುಟ್‌ಬಾಲ್ ಪ್ರೇಮಿಗಳ ದೂರು ಮಾತ್ರ ಅಲ್ಲ, ಕಾಸರಗೋಡಿನ ಪ್ರಯಾಣಿಕರು ವರ್ಷಗಳಿಂದ ಹೇಳುತ್ತಿರುವ ಮಾತು. ರಾತ್ರಿ ಕಣ್ಣೂರಿನಿಂದ ಮೇಲೆ ರೈಲು ಬೇಕು ಎಂದು ನಾವು ಕೇಳುತ್ತಲೇ ಇರಬೇಕು.

ಹಾಗಾದರೆ ಏನು ಮಾಡುವುದು? ಮಂಗಳೂರಿನವರೆಗೆ ಹೋಗುವ ರಾತ್ರಿ ರೈಲನ್ನೇ ಹುಡುಕಿ. ಚೆನ್ನೈನಿಂದ ಬರುವ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್, ತಿರುವನಂತಪುರದಿಂದ ಬರುವ ಮಾವೇಲಿ ಮತ್ತು ಮಲಬಾರ್ ಎಕ್ಸ್‌ಪ್ರೆಸ್ ಇವೆಲ್ಲ ಕಾಸರಗೋಡು ದಾಟಿ ಮಂಗಳೂರಿಗೆ ಹೋಗುತ್ತವೆ. ಕಲ್ಲಿಕೋಟೆಗೆ ಇವು ಬರುವುದು ನಡುರಾತ್ರಿಯ ಮೇಲೆ. ಅಷ್ಟು ಹೊತ್ತು ಕಾಯಲು ತಯಾರಿರಬೇಕು. ಸಮಯ ಆಗಾಗ ಬದಲಾಗುವುದರಿಂದ ಆ ವಾರದ ವೇಳೆಯನ್ನು ರೈಲ್ವೆ ಆ್ಯಪ್‌ನಲ್ಲಿ ನೋಡಿ. ನಾವು ಕಲ್ಲಿಕೋಟೆ ಎನ್ನುವ ಸ್ಟೇಷನ್ ಅಲ್ಲಿ 'ಕೋಝಿಕ್ಕೋಡ್' ಎಂದಿರುತ್ತದೆ. ನಡುರಾತ್ರಿ ದಾಟಿದ ರೈಲಿಗೆ ಬುಕ್ ಮಾಡುವಾಗ ತಾರೀಕು ಮರುದಿನದ್ದು ಹಾಕಬೇಕು. ಶನಿವಾರದ ಪಂದ್ಯಕ್ಕೆ ಶನಿವಾರದ್ದೇ ತಾರೀಕು ಹಾಕಿದರೆ ನಿಮ್ಮ ರೈಲು ಪಂದ್ಯದ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಕೊಚ್ಚಿಗೆ ಹೋಗುವವರು ಇನ್ನೊಂದು ನೋಡಬೇಕು. ಎರ್ನಾಕುಳಂನಲ್ಲಿ ಎರಡು ಸ್ಟೇಷನ್. ಆಲಪ್ಪುಳ ದಾರಿಯ ಮಾವೇಲಿ ಸಿಗುವುದು ಜಂಕ್ಷನ್‌ನಲ್ಲಿ, ಅಂದರೆ ಸೌತ್‌ನಲ್ಲಿ. ಕೋಟ್ಟಯಂ ದಾರಿಯ ಮಲಬಾರ್ ಸಿಗುವುದು ಟೌನ್‌ನಲ್ಲಿ, ಅಂದರೆ ನಾರ್ತ್‌ನಲ್ಲಿ. ಮೆಟ್ರೋ ಸ್ಟೇಷನ್ ಸ್ಟೇಡಿಯಂನ ಬಾಗಿಲಲ್ಲೇ ಉಂಟು, ಹೆಸರು ಜೆಎಲ್‌ಎನ್ ಸ್ಟೇಡಿಯಂ. ನಾರ್ತ್‌ಗೆ ಹೋಗುವವರು ಟೌನ್ ಹಾಲ್‌ನಲ್ಲಿ ಇಳಿಯಿರಿ, ಸೌತ್‌ಗೆ ಹೋಗುವವರು ಎರ್ನಾಕುಳಂ ಸೌತ್‌ನಲ್ಲಿ. ವಾಪಸ್ ಬರುವ ಮೆಟ್ರೋ ಟಿಕೆಟನ್ನು ಹೋಗುವಾಗಲೇ ತಗೊಳ್ಳಿ. ಪಂದ್ಯ ಬಿಟ್ಟ ಮೇಲೆ ಕೌಂಟರಿನ ಸಾಲು ರಸ್ತೆವರೆಗೆ ಬರುತ್ತದೆ.

ಕಾರು, ಟೆಂಪೋ. ಏಳೆಂಟು ಮಂದಿ ಇದ್ದರೆ ಒಂದು ವಾಹನ ಮಾಡಿಕೊಂಡು ಹೋಗುವುದೇ ಒಳ್ಳೆಯದು. 2024ರ ಮಾರ್ಚಿನಲ್ಲಿ ತಲಶ್ಶೇರಿ-ಮಾಹಿ ಬೈಪಾಸ್ ತೆರೆದ ಮೇಲೆ ಕಲ್ಲಿಕೋಟೆ ದಾರಿಯಲ್ಲಿ ದೊಡ್ಡದೊಂದು ತಲೆನೋವು ಕಮ್ಮಿಯಾಗಿದೆ. ಉಳಿದ ಕಡೆ ಹೆದ್ದಾರಿ ಕೆಲಸ ಇದ್ದರೆ ಸರ್ವಿಸ್ ರಸ್ತೆಯಲ್ಲೇ ಸಮಯ ಹೋಗುತ್ತದೆ. ಹಾಗಾಗಿ ಎರಡು ಗಂಟೆ ಹೆಚ್ಚು ಇಟ್ಟುಕೊಂಡು ಹೊರಡಿ. ರಾತ್ರಿ ವಾಪಸ್ ಬರಲು ಪಂದ್ಯ ನೋಡಿ ದಣಿಯದ ಡ್ರೈವರ್ ಬೇಕು.

ಬೈಕು ಬೇಡ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. 2022ರ ಮಾರ್ಚ್ 20ರಂದು ಬ್ಲಾಸ್ಟರ್ಸ್ ಫೈನಲ್ ಗೋವಾದಲ್ಲಿತ್ತು. ಅದನ್ನು ನೋಡಲು ಮಲಪ್ಪುರಂ ಕಡೆಯಿಂದ ಬೈಕಿನಲ್ಲಿ ಹೊರಟಿದ್ದ ಇಬ್ಬರು ಹುಡುಗರು ನಮ್ಮ ಉದುಮದಲ್ಲಿ ಅಪಘಾತದಲ್ಲಿ ತೀರಿಹೋದರು. ಆ ದಿನ ಆ ರಸ್ತೆಯಲ್ಲಿ ಹೋದವರು ಮರೆತಿಲ್ಲ. ಮನೆಯಿಂದ ಹತ್ತಿರದ ರೈಲ್ವೆ ಸ್ಟೇಷನ್ನಿನವರೆಗೆ ಬೈಕು ಸಾಕು. ದೂರದ ದಾರಿಗೆ, ಅದೂ ರಾತ್ರಿ, ಖಂಡಿತ ಬೇಡ.

4. ಟಿಕೆಟ್

ಟಿಕೆಟ್ ಲಿಂಕ್ ಕ್ಲಬ್ಬಿನ ಅಧಿಕೃತ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳಲ್ಲಿ ಬರುತ್ತದೆ. ಆ ಪುಟಗಳಿಗೆ ನೋಟಿಫಿಕೇಶನ್ ಆನ್ ಮಾಡಿಟ್ಟುಕೊಳ್ಳಿ. ತಂಡ ಗೆಲ್ಲುತ್ತಿದ್ದರೆ ಹಿಂದಿನ ಪಂದ್ಯ ಮುಗಿದ ರಾತ್ರಿಯೇ ಎಲ್ಲರೂ ಮುಂದಿನ ಟಿಕೆಟ್ ಹುಡುಕಲು ಶುರು ಮಾಡುತ್ತಾರೆ.

ಸೀಟು ಆರಿಸುವಾಗ ಹೀಗೆ ಯೋಚಿಸಿ. ಗೋಲುಕಂಬದ ಹಿಂದಿನ ಗ್ಯಾಲರಿ ಅಗ್ಗ. ಅಭಿಮಾನಿ ಬಳಗದ ಚೆಂಡೆ, ಬಾವುಟ ಹೆಚ್ಚಾಗಿ ಅಲ್ಲೇ ಇರುತ್ತವೆ. ಅಲ್ಲಿ ಕೂತು ನೋಡುವವರು ಕಮ್ಮಿ, 90 ನಿಮಿಷವೂ ನಿಂತಿರುತ್ತಾರೆ. ಮೈದಾನದ ಉದ್ದಕ್ಕೂ ಇರುವ ಬದಿಯ ಸ್ಟ್ಯಾಂಡಿನಲ್ಲಿ, ಸ್ವಲ್ಪ ಎತ್ತರದಲ್ಲಿ ಕೂತರೆ ಆಟ ಚೆನ್ನಾಗಿ ಕಾಣುತ್ತದೆ. ಯಾರು ಎಲ್ಲಿ ಓಡುತ್ತಿದ್ದಾರೆ, ಜಾಗ ಎಲ್ಲಿ ಖಾಲಿ ಇದೆ ಎಂದು ಗೊತ್ತಾಗುತ್ತದೆ. ಮನೆಯವರ ಜೊತೆ ಹೋಗುವವರು ಇದನ್ನೇ ತಗೊಳ್ಳಿ. ಕೆಳಗಿನ ಸಾಲು ಹತ್ತಿರ ಎಂದು ಆಸೆಯಾಗುತ್ತದೆ, ಆದರೆ ಮುಂದಿನ ಜಾಹೀರಾತು ಫಲಕ ಮತ್ತು ನಿಂತವರ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಎಚ್ಚರಿಕೆ ಎರಡು. ಗೇಟಿನ ಹೊರಗೆ ದುಪ್ಪಟ್ಟು ಬೆಲೆಗೆ ಮಾರುವವರಿಂದ, ಗೊತ್ತಿಲ್ಲದವರು ಕಳಿಸುವ ಸ್ಕ್ರೀನ್‌ಶಾಟ್‌ನಿಂದ ಟಿಕೆಟ್ ತಗೋಬೇಡಿ. ಒಂದು ಕ್ಯೂಆರ್ ಕೋಡ್ ಒಂದೇ ಸಲ ಸ್ಕ್ಯಾನ್ ಆಗುತ್ತದೆ. ಅದೇ ಚಿತ್ರವನ್ನು ನಾಲ್ಕು ಮಂದಿಗೆ ಮಾರಿದ್ದರೆ ಮೊದಲು ಹೋದವನು ಒಳಗೆ, ಉಳಿದ ಮೂವರು ಹೊರಗೆ. ಎರಡನೆಯದು, ನಿಮ್ಮ ಸ್ವಂತ ಟಿಕೆಟನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸ್ಟೇಡಿಯಂ ಹತ್ತಿರ ಸಾವಿರಾರು ಮೊಬೈಲು ಸೇರಿದಾಗ ನೆಟ್‌ವರ್ಕ್ ಬಿದ್ದುಹೋಗುತ್ತದೆ.

5. ಚೀಲದಲ್ಲಿ ಏನಿರಬೇಕು?

ಸುಮ್ನೆ ಚೀಲವೇ ಇಲ್ಲದೆ ಹೋಗುವುದು ಒಳ್ಳೆಯದು. ನೀರಿನ ಬಾಟಲಿ, ಲೈಟರ್, ಪಟಾಕಿ, ಕೋಲು, ಹೆಲ್ಮೆಟ್, ಕೊಡೆ, ಪವರ್ ಬ್ಯಾಂಕ್ ಇವನ್ನೆಲ್ಲ ಗೇಟಿನಲ್ಲಿ ತಡೆಯುವುದು ಸಾಮಾನ್ಯ. ಅಲ್ಲಿ ಇಟ್ಟುಕೊಳ್ಳಲು ವ್ಯವಸ್ಥೆ ಇರುತ್ತದೆ ಎಂಬ ನಂಬಿಕೆ ಬೇಡ.

ಕೊಡೆ ಬಿಡುವುದಿಲ್ಲ ಅಂದರೆ ಮಳೆಗೆ ಏನು? ಸೂಪರ್ ಲೀಗ್ ಕೇರಳ ನಡೆಯುವುದೇ ಸೆಪ್ಟೆಂಬರ್-ಅಕ್ಟೋಬರಿನಿಂದ ಮುಂದಕ್ಕೆ, ತುಲಾ ತಿಂಗಳ ಮಳೆ ಬೀಳುವ ಕಾಲದಲ್ಲಿ. ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು. ತೆಳುವಾದ ಪ್ಲಾಸ್ಟಿಕ್ ರೈನ್‌ಕೋಟ್ ಜೇಬಿನಲ್ಲಿರಲಿ, ಮೊಬೈಲಿಗೆ ಒಂದು ಪ್ಲಾಸ್ಟಿಕ್ ಕವರ್. ಜೊತೆಗೆ ಒಂದು ಹಳೆಯ ಪೇಪರ್. ಒದ್ದೆಯಾದ ಸಿಮೆಂಟ್ ಮೆಟ್ಟಿಲ ಮೇಲೆ ಕೂರುವಾಗ ಅದರ ಬೆಲೆ ಗೊತ್ತಾಗುತ್ತದೆ.

ಬಟ್ಟೆಯ ವಿಷಯ: ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವುದು ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ. ಬೇರೆ ಕ್ಲಬ್ಬಿನ ಮೈದಾನಕ್ಕೆ ಅದನ್ನು ಹಾಕಿಕೊಂಡು ಹೋಗುವ ಬದಲು ಸಾದಾ ಟೀ ಶರ್ಟ್ ಹಾಕಿ. ಆ ದಿನದ ಎದುರಾಳಿಯ ಬಣ್ಣ ಯಾವುದೆಂದು ನೋಡಿ, ಅದನ್ನು ಬಿಟ್ಟು ಯಾವುದಾದರೂ ನಡೆಯುತ್ತದೆ.

6. ಗೇಟಿನಿಂದ ಗ್ಯಾಲರಿಗೆ

ಆಟ ಶುರುವಾಗುವ ಎರಡು ಗಂಟೆ ಮೊದಲು ಸ್ಟೇಡಿಯಂ ಹತ್ತಿರ ಇರಿ. ಕಲ್ಲಿಕೋಟೆಯಲ್ಲಾದರೆ ಊಟ-ತಿಂಡಿ ಮುಗಿಸಿಯೇ ಒಳಗೆ ಹೋಗಿ. ಸ್ಟೇಡಿಯಂ ಮಾವೂರು ರಸ್ತೆಯ ಬಸ್ ಸ್ಟ್ಯಾಂಡಿಗೆ ಹತ್ತಿರ, ಊಟಕ್ಕೆ ಆ ಊರಲ್ಲಿ ಕೊರತೆಯೇ ಇಲ್ಲ. ಒಮ್ಮೆ ಒಳಗೆ ಹೋದ ಮೇಲೆ ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ.

ಟಿಕೆಟಿನಲ್ಲಿ ಗೇಟ್ ನಂಬರ್ ಇರುತ್ತದೆ. ಜನ ಹೋಗುವ ಕಡೆ ಹೋಗಬೇಡಿ, ನಿಮ್ಮ ಗೇಟಿಗೆ ಹೋಗಿ. ತಪ್ಪು ಗೇಟಿನಲ್ಲಿ ಅರ್ಧ ಗಂಟೆ ಸಾಲು ನಿಂತು ಮತ್ತೆ ಇಡೀ ಸ್ಟೇಡಿಯಂ ಸುತ್ತು ಹಾಕುವುದು ಹೊಸಬರಿಗೆ ಆಗುವ ಮಾಮೂಲಿ ತೊಂದರೆ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. 'ಕಳೆದುಹೋದರೆ ಇಲ್ಲಿ ಸೇರೋಣ' ಎಂದು ಒಂದು ಜಾಗ ತೋರಿಸಿಬಿಡಿ.

ಆಟಗಾರರು ಮೈ ಬಿಸಿಮಾಡಿಕೊಳ್ಳಲು ಬರುವುದನ್ನು ತಪ್ಪಿಸಬೇಡಿ. ಟಿವಿಯಲ್ಲಿ ಅದನ್ನು ತೋರಿಸುವುದೇ ಇಲ್ಲ. ಗೋಲ್‌ಕೀಪರ್ ಮೊದಲು ಬರುತ್ತಾನೆ, ಗ್ಯಾಲರಿಯ ಕಡೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಾನೆ, ಮೊದಲ ಕೂಗು ಅಲ್ಲಿಂದ ಏಳುತ್ತದೆ. ಫ್ಲಡ್‌ಲೈಟಿನ ಕೆಳಗೆ ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿ ಹೋಗುವ ವೇಗ, ಬೂಟು ತಾಗಿದಾಗ ಬರುವ 'ಠಪ್' ಶಬ್ದ, ಇವೆರಡೂ ಪರದೆಯಲ್ಲಿ ಸಿಗುವುದಿಲ್ಲ.

ಪಡನ್ನ, ತೃಕ್ಕರಿಪುರ, ಮೊಗ್ರಾಲ್ ಕಡೆಯವರಿಗೆ ಸೆವೆನ್ಸ್ ನೋಡಿ ಅಭ್ಯಾಸ. ಒಂದೊಂದು ತಂಡದಲ್ಲಿ ಏಳು ಆಟಗಾರರಿರುವ, ಚಿಕ್ಕ ಮೈದಾನದ ಆಟ ಅದು. ಅಲ್ಲಿ ಪ್ರತಿ ನಿಮಿಷ ಗೋಲಿನ ಹತ್ತಿರ ಏನಾದರೂ ನಡೆಯುತ್ತಲೇ ಇರುತ್ತದೆ. ಹನ್ನೊಂದರ ಆಟ ಹಾಗಲ್ಲ. ಚೆಂಡು ಹಿಂದೆ ಹಿಂದೆ ಹೋಗುವಾಗ 'ಏನಪ್ಪಾ ಇವರು' ಅನ್ನಿಸಬಹುದು. ಆಗ ಚೆಂಡನ್ನು ಬಿಟ್ಟು ಎರಡು ಬದಿಯ ವಿಂಗರ್‌ಗಳನ್ನು, ಅಂದರೆ ಗೆರೆಯ ಪಕ್ಕ ಓಡುವವರನ್ನು ನೋಡಿ. ಎಲ್ಲಿಂದ ದಾಳಿ ಬರುತ್ತದೆ ಎಂದು ಚೆಂಡಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಗೆಲ್ಲುವ ತಂಡದ ಗುಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ.

ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ, ಸಿಕ್ಕಿದಾಗ ನೋಡಬೇಕು ಗ್ಯಾಲರಿಯನ್ನು. ಮುಂದಿನ ಸಾಲು ಎದ್ದು ನಿಲ್ಲುತ್ತದೆ. ಹಿಂದಿನಿಂದ 'ಇರಿಕ್ಕ್, ಇರಿಕ್ಕ್' (ಕೂತ್ಕೊಳ್ಳಿ) ಎಂಬ ಕೂಗು. ಅಷ್ಟರಲ್ಲಿ ಕೂಗಿದವರೂ ಎದ್ದಿರುತ್ತಾರೆ. ಕಡ್ಲೆಕಾಯಿ ಮಾರುವ ಹುಡುಗ ಮೆಟ್ಟಿಲ ಮೇಲೆ ಹಾಗೇ ನಿಂತುಬಿಡುತ್ತಾನೆ, ಕೈಯಲ್ಲಿ ಅರ್ಧ ಸುತ್ತಿದ ಪೊಟ್ಟಣ. ಚೆಂಡು ಕಂಬಕ್ಕೆ ತಾಗಿ ಹೊರಹೋದರೆ ಎಲ್ಲರ ಬಾಯಿಂದ ಒಟ್ಟಿಗೆ ಒಂದು 'ಹೋ...' ಬರುತ್ತದೆ. ಗೋಲಾದರೆ ಪಕ್ಕದ ಅಪರಿಚಿತ ನಿಮ್ಮನ್ನು ತಬ್ಬಿಕೊಂಡಿರುತ್ತಾನೆ. ಅವನ ಊರು, ಭಾಷೆ ಯಾವುದೂ ನಿಮಗೆ ಗೊತ್ತಿರುವುದಿಲ್ಲ.

'ಮಲಯಾಳ ಸರಿಯಾಗಿ ಬರುವುದಿಲ್ಲ, ಕೂಗುವುದು ಹೇಗೆ?' ಎಂದು ಕೇಳುವವರೂ ಇದ್ದಾರೆ. ಯೋಚನೆಯೇ ಬೇಡ. ಹಾಡುಗಳಲ್ಲಿ ಇರುವುದು ತಂಡದ ಹೆಸರು, ಚಪ್ಪಾಳೆ, ಮತ್ತೆ 'ಆರ್ಪೋ' ಎಂದು ಒಬ್ಬ ಕೂಗಿದರೆ 'ಇರ್ರೋ' ಎಂದು ಉಳಿದವರು ಹೇಳುವುದು. ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಬಾವುಟ ಹಿಡಿದು ಮೈದಾನಕ್ಕೆ ಬೆನ್ನು ಹಾಕಿ ನಿಂತು ಕೂಗಿಸುವವನನ್ನು ಕಾಪೊ ಎನ್ನುತ್ತಾರೆ. ಅವನ ಕೈ ನೋಡಿದರೆ ಸಾಕು. ಕನ್ನಡದಲ್ಲಿ ಕೂಗಿದರೂ ಯಾರೂ ಏನೂ ಅನ್ನುವುದಿಲ್ಲ.

ಮಾಡಬಾರದ್ದು ಇಷ್ಟು: ಬಾಟಲಿ, ಕಲ್ಲು, ಏನನ್ನೂ ಎಸೆಯಬಾರದು. ಬೇಲಿ ಹತ್ತಬಾರದು. ಗೆದ್ದ ಖುಷಿಗೆ ಮೈದಾನಕ್ಕೆ ನುಗ್ಗಬಾರದು. ಅದರ ದಂಡ ಬೀಳುವುದು ನಿಮ್ಮ ತಂಡದ ತಲೆಗೆ. ಎದುರಾಳಿ ಆಟಗಾರನ ಬಣ್ಣ, ಜಾತಿ, ದೇಶ ಹಿಡಿದು ಬೈಯುವವರು ಪಕ್ಕದಲ್ಲಿದ್ದರೆ ಬಾಯಿ ಮುಚ್ಚಲು ಹೇಳಿ, ಕೇಳದಿದ್ದರೆ ಅಲ್ಲಿರುವ ಸಿಬ್ಬಂದಿಗೆ ತಿಳಿಸಿ.

7. ಕೊನೆಯ ಸೀಟಿ ಊದಿದ ಮೇಲೆ

ಗೆದ್ದ ರಾತ್ರಿ ಆಟಗಾರರು ಗ್ಯಾಲರಿಯ ಮುಂದೆ ಬಂದು ಅಭಿಮಾನಿಗಳ ಜೊತೆ ಚಪ್ಪಾಳೆ ತಟ್ಟುತ್ತಾರೆ. ಅದನ್ನು ನೋಡಿಯೇ ಏಳಿ. ಜನ ಒಮ್ಮೆಲೇ ಮೆಟ್ಟಿಲಿಗೆ ನುಗ್ಗುವ ಆ ಹತ್ತು-ಹದಿನೈದು ನಿಮಿಷ ನೀವು ಕೂತಲ್ಲೇ ಇದ್ದರೆ ಕ್ಷೇಮ. ಮೂರನೇ ಹಂತದಲ್ಲಿ ಹೇಳಿದ ಹಾಗೆ ವಾಪಸ್ ದಾರಿ ಮೊದಲೇ ಗಟ್ಟಿ ಮಾಡಿದ್ದರೆ ಓಡುವ ಅಗತ್ಯವೇ ಇಲ್ಲ.

ಕಲ್ಲಿಕೋಟೆಯಲ್ಲಿ ರೈಲಿಗೆ ಕಾಯಬೇಕಾದವರು ಒಂದು ಸುಲೈಮಾನಿ (ಹಾಲಿಲ್ಲದ ಚಹಾ) ಕುಡಿದು ನಿಧಾನಕ್ಕೆ ಸ್ಟೇಷನ್ನಿಗೆ ನಡೆಯಿರಿ. ಆ ಹೊತ್ತಿಗೆ ಆಟೋ ಸಿಗುವುದು ಕಷ್ಟ, ಸಿಕ್ಕಿದರೂ ಜನಸಂದಣಿಯಲ್ಲಿ ನಡೆದವರೇ ಮೊದಲು ತಲುಪುತ್ತಾರೆ. ರೈಲಿನಲ್ಲಿ ನಿದ್ದೆ ಬರುವುದು ಗ್ಯಾರಂಟಿ, ನೀವು ಏಳದಿದ್ದರೆ ರೈಲು ನಿಮ್ಮನ್ನು ಮಂಗಳೂರಿಗೆ ಕರ್ಕೊಂಡು ಹೋಗುವುದೂ ಗ್ಯಾರಂಟಿ. ಹಾಗಾಗಿ ಕಾಞಂಗಾಡು ಬರುವ ಹೊತ್ತಿಗೆ ಅಲಾರಂ ಇಡಿ. ಕುಂಬಳೆ, ಉಪ್ಪಳ, ಮಂಜೇಶ್ವರದವರು ಆ ರೈಲು ನಿಮ್ಮಲ್ಲಿ ನಿಲ್ಲುತ್ತದಾ ಎಂದು ಬುಕ್ ಮಾಡುವಾಗಲೇ ನೋಡಿ. ನಿಲ್ಲದಿದ್ದರೆ ಕಾಸರಗೋಡಿನಲ್ಲಿ ಇಳಿದು ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯವರು ಹೋಗುವಾಗಲೇ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಗಾಡಿ ಇಟ್ಟು, ಚೀಟಿಯನ್ನು ಪರ್ಸಿನಲ್ಲಿ ಹಾಕಿಕೊಳ್ಳಿ.

ಮುಂದಿನ ಹೋಂ ಪಂದ್ಯದ ಟಿಕೆಟ್ ಲಿಂಕ್ ಬಂದಿದೆಯಾ ಎಂದು ರೈಲಿಗೆ ಕಾಯುವಾಗಲೇ ಒಮ್ಮೆ ನೋಡಿಬಿಡಿ. ಗೆದ್ದ ರಾತ್ರಿ ಬಂದ ಲಿಂಕ್ ಮರುದಿನ ಮಧ್ಯಾಹ್ನದವರೆಗೆ ಕಾಯುವುದಿಲ್ಲ.